ಮೂರನೆಯ ಸಲ ಕರೆದರೆ

ಕುವೈತಿನ ಸಬ್ಹಾನಿನಲ್ಲಿರುವ ನಮ್ಮ ಗೋದಾಮಿನ ಹಿಂದಿನ ಅಂಗಳಕ್ಕೆ ಮಾತಾಡುವ ಸ್ಪೀಕರ್‌ಗಳು ಬಂದದ್ದು ರಂಜಾನ್ ಮುಗಿದ ಮೇಲೆ. ಅದಕ್ಕೆ ಮೊದಲು ಅಲ್ಲಿ ಕ್ಯಾಮೆರಾಗಳು ಮಾತ್ರ ಇದ್ದವು. ಎಲ್ಲೋ ಒಂದು ಕಂಪನಿಯ ಕಾವಲುಗಾರ ಸೆಕೆಗೆ ತಲೆ ತಿರುಗಿ ಬಿದ್ದವನು ಬೆಳಗಿನವರೆಗೂ ಯಾರ ಕಣ್ಣಿಗೂ ಬೀಳಲಿಲ್ಲವಂತೆ. ಆ ಸುದ್ದಿ ಕೇಳಿದ ನಮ್ಮ ಮ್ಯಾನೇಜರ್ ಎಡ್ವರ್ಡ್ ಸರ್ ಕಫೀಲರ, ಅಂದರೆ ನಮಗೆ ವೀಸಾ ಕೊಟ್ಟ ಮಾಲಕರ, ಹತ್ತಿರ ಹಟ ಹಿಡಿದು ಇವನ್ನು ತರಿಸಿದರು.

ಅವನ್ನು ಕೂರಿಸಲು ಬಂದ ಜೋಸ್ವಿನ್ ಮಂಗಳೂರಿನ ಬೆಂದೂರಿನವನು. ಒಂದೊಂದು ಕಂಬಕ್ಕೆ ಒಂದೊಂದು ಸ್ಪೀಕರ್, ಅದರ ಹೊಟ್ಟೆಯೊಳಗೇ ಮೈಕ್. ಕರೆಂಟೂ ಮಾತೂ ಒಂದೇ ನೆಟ್‌ವರ್ಕ್ ಕೇಬಲಿನಲ್ಲಿ ಹೋಗುತ್ತವೆ. ಪ್ರತಿಯೊಂದಕ್ಕೂ ಮನೆ ನಂಬರಿನ ಹಾಗೆ ಅದರದೇ ನಂಬರು. ಕಂಪ್ಯೂಟರಿನ ಪರದೆಯಲ್ಲಿ ಅಂಗಳದ ನಕ್ಷೆ, ನಕ್ಷೆಯಲ್ಲಿ ಒಂದೊಂದು ಸ್ಪೀಕರಿಗೆ ಒಂದೊಂದು ಚುಕ್ಕಿ. ದಿನಕ್ಕೊಮ್ಮೆ ಅವು ತಾವೇ ಒಂದು ಸಣ್ಣ ಸದ್ದು ಮಾಡಿ, ಆ ಸದ್ದು ತಮ್ಮ ಮೈಕಿಗೆ ಕೇಳಿತೋ ಎಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದವು.

"ಮನುಷ್ಯರಿಗೂ ಇಂಥದ್ದೊಂದು ಇದ್ದರೆ ಒಳ್ಳೆಯದಿತ್ತು," ಎಂದ ಜೋಸ್ವಿನ್. "ಹೇಳಿದ್ದು ತನಗೇ ಕೇಳಿದರೆ ಅರ್ಧ ಜಗಳ ಖಲಾಸ್."

ನಾನು ಆ ಆಫೀಸಿನಲ್ಲಿ ಚಹಾ ಮಾಡುವವಳು, ನೆಲ ಒರೆಸುವವಳು. ಫರ್ವಾನಿಯಾದಲ್ಲಿ ಅಕ್ಕ ಮೋಹಿನಿಯ ಮನೆಯಲ್ಲಿದ್ದು ಕಂಪನಿಯ ವ್ಯಾನಿನಲ್ಲಿ ಬಂದು ಹೋಗುತ್ತಿದ್ದೆ. ಕಂಟ್ರೋಲ್ ರೂಮಿನಲ್ಲಿ ಸಂಜೆ ಕೂರುವವನು ರಜೆಗೆ ಊರಿಗೆ ಹೋದಾಗ ಎಡ್ವರ್ಡ್ ಸರ್ ನನ್ನನ್ನು ಕರೆದರು.

"ಅಕ್ಷಿತಾ, ನೀನು ಮಾತಾಡುವುದಿಲ್ಲ, ಫೋನು ಉಜ್ಜುವುದಿಲ್ಲ. ಪರದೆ ನೋಡಲಿಕ್ಕೆ ನಿನ್ನಷ್ಟು ಲಾಯಕ್ಕಿನವರು ಈ ಕುವೈತಿನಲ್ಲಿ ಇಲ್ಲ. ಕೂರು."

ಕೆಲಸ ಸುಲಭದ್ದು. ಗೇಟು ಮುಚ್ಚಿದ ಮೇಲೆ ಹಿಂದಿನ ಅಂಗಳದಲ್ಲಿ, ಕೋಲ್ಡ್ ಸ್ಟೋರೇಜಿನ ಸುತ್ತ, ಕಾವಲಿಗೆ ಒಬ್ಬರೇ ಇರುತ್ತಿದ್ದರು. ಅವರೇ ಸೇಸಪ್ಪಣ್ಣ. ಬಜಪೆಯ ಕಡೆಯವರು, ಅರುವತ್ತರ ಹತ್ತಿರದವರು. ಗಂಟೆಗೊಮ್ಮೆ ಅವರಿಗೆ ಹತ್ತಿರವಿರುವ ಸ್ಪೀಕರ್ ತಾನಾಗಿ ಅವರನ್ನು ಕರೆಯುತ್ತದೆ. ಅವರು ಏನಾದರೊಂದು ಉತ್ತರ ಕೊಟ್ಟರೆ ಚುಕ್ಕಿ ಹಸಿರಾಗುತ್ತದೆ. ಕೊಡದಿದ್ದರೆ ಕೆಂಪಾಗುತ್ತದೆ, ಸ್ವಲ್ಪ ಹೊತ್ತಿಗೆ ಸೈರನ್ ಹೊಡೆಯುತ್ತದೆ, ಮುಂದಿನ ಗೇಟಿನವರು ಓಡಿ ಬರುತ್ತಾರೆ. ಕೆಂಪಾದರೆ ಎಡ್ವರ್ಡ್ ಸರ್‌ಗೆ ಫೋನ್ ಮಾಡುವುದಷ್ಟೇ ನನ್ನ ಪಾಲಿನದು.

ಬರೀ "ಹಲೋ, ಗಾರ್ಡ್" ಎಂದರೆ ಕರೆದದ್ದು ಯಂತ್ರ ಅನ್ನಿಸುತ್ತದೆ, ಹೆಸರು ಹಿಡಿದು ಕರೆದರೆ ಪಾಪದವರಿಗೆ ಖುಷಿಯಾಗುತ್ತದೆ ಎಂದು ಎಡ್ವರ್ಡ್ ಸರ್ ಅವರೇ ಹೇಳಿ, ಕಂಪ್ಯೂಟರಿನ ಹೆಂಗಸಿನ ಸ್ವರದಲ್ಲಿ "ಸೇಸಪ್ಪಾ" ಎಂದು ಹಾಕಿಸಿದ್ದರು.

ಬಿಸಿಲಿರುವಾಗ ಸೇಸಪ್ಪಣ್ಣ ಒಂದೇ ಕರೆಗೆ "ಓ" ಎನ್ನುತ್ತಿದ್ದರು. ಸೂರ್ಯ ಮುಳುಗುವಾಗಿನ ಮಗ್ರಿಬಿನ ಬಾಂಗು ಮುಗಿದು ಕತ್ತಲು ಇಳಿದರೆ ಉತ್ತರವೇ ಇಲ್ಲ. ಚುಕ್ಕಿ ಕೆಂಪು. ಸೈರನ್. ಗೇಟಿನವರು ಏದುಸಿರು ಬಿಡುತ್ತಾ ಓಡಿ ಬಂದು ನೋಡಿದರೆ ಸೇಸಪ್ಪಣ್ಣ ಟಾರ್ಚು ಹಿಡಿದು ಬೆಪ್ಪಾಗಿ ನಿಂತಿರುತ್ತಿದ್ದರು. ಮೂರ್ನಾಲ್ಕು ಸಂಜೆ ಹೀಗೇ ಆಯಿತು.

"ಹಗಲು ಕೇಳುತ್ತದೆ, ಸಂಜೆ ಕೇಳುವುದಿಲ್ಲ. ಇದೆಂಥ ಕಿವಿ ಮಾರಾಯ?" ಎಂದು ಎಡ್ವರ್ಡ್ ಸರ್ ಕೇಳಿದರೆ ಸೇಸಪ್ಪಣ್ಣ ತಲೆ ತಗ್ಗಿಸಿ, "ಗಾಳಿ ಇತ್ತು ಪೊರ್ಬುಗಳೇ," ಎಂದರು. ನಮ್ಮೂರಿನಲ್ಲಿ ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ.

ಅವರ ಇಕಾಮಾ, ಇಲ್ಲಿ ಇರಲಿಕ್ಕೆ ಬೇಕಾದ ಪರವಾನಗಿ, ಮುಗಿಯುತ್ತಾ ಬಂದಿತ್ತು. ಕಿವಿ ಮಂದವಾದವರನ್ನು ಕಾವಲಿಗೆ ಇಟ್ಟುಕೊಳ್ಳುವುದು ಬೇಡ, ಊರಿಗೆ ಕಳಿಸಿ ಎಂದು ಮೇಲಿನವರು ಹೇಳಿದ್ದರು. ಗುರುವಾರ ಸಂಜೆ ತಾವೇ ಕೂತು ಕೊನೆಯ ಸಲ ನೋಡಿ ತಿಳಿಸುತ್ತೇನೆ ಎಂದು ಎಡ್ವರ್ಡ್ ಸರ್ ಒಂದಿಷ್ಟು ದಿನ ಪಡೆದುಕೊಂಡಿದ್ದರು.

ಎಲ್ಲರೂ ಚುಕ್ಕಿಯ ಬಣ್ಣ ನೋಡುತ್ತಿದ್ದರು. ನಾನು ಪಕ್ಕದ ಕ್ಯಾಮೆರಾದಲ್ಲಿ ಮನುಷ್ಯನನ್ನು ನೋಡುತ್ತಿದ್ದೆ. ಸ್ಪೀಕರ್ ಕರೆದ ಕೂಡಲೇ ಸೇಸಪ್ಪಣ್ಣನ ಹೆಜ್ಜೆ ನಿಲ್ಲುತ್ತಿತ್ತು. ಅವರು ಹಿಂದೆ ತಿರುಗುತ್ತಿರಲಿಲ್ಲ. ಟಾರ್ಚನ್ನು ಎದೆಗೆ ಒತ್ತಿಕೊಂಡು, ಇನ್ನೇನೋ ಬರಲಿಕ್ಕುಂಟು ಎನ್ನುವ ಹಾಗೆ ಕಾಯುತ್ತಿದ್ದರು. ಕಿವಿ ಕೇಳದವರು ಹಾಗೆ ಕಾಯುವುದಿಲ್ಲ.

ಆಗ ನನಗೆ ಹೊಳೆಯಿತು. ಮುಸ್ಸಂಜೆ ಕಳೆದ ಮೇಲೆ ಕಣ್ಣಿಗೆ ಕಾಣದವರು ಹೆಸರು ಹಿಡಿದು ಕರೆದರೆ ನಮ್ಮ ಕಡೆ ಓಗೊಡುವುದಿಲ್ಲ. ಕರೆದದ್ದು ಮನುಷ್ಯರಾದರೆ ಮತ್ತೆ ಕರೆಯುತ್ತಾರೆ, ಮತ್ತೂ ಕರೆಯುತ್ತಾರೆ. ಬೇರೆಯದಾದರೆ ಅದಕ್ಕೆ ಮೂರು ಸಲ ಕರೆಯುವ ಶಕ್ತಿ ಇರುವುದಿಲ್ಲ. ನಮ್ಮ ಸ್ಪೀಕರ್ ಕರೆಯುತ್ತಿದ್ದುದು ಒಂದೇ ಸಲ.

ಇದನ್ನು ಎಡ್ವರ್ಡ್ ಸರ್‌ಗೆ ಹೇಳಬೇಕೆಂದು ಅವರ ಬಾಗಿಲವರೆಗೆ ಹೋದೆ, ಲೋಟ ಎತ್ತಿಕೊಂಡು ವಾಪಸ್ ಬಂದೆ. ಶಾಲೆಯಲ್ಲೂ ನನ್ನ ಕತೆ ಇದೇ ಆಗಿತ್ತು. ಹಾಜರಿ ಕರೆದಾಗ ಸ್ವರ ಹೊರಡುತ್ತಿರಲಿಲ್ಲ. ಬೆಂಚಿನಲ್ಲಿ ಕೂತಿದ್ದಂತೆಯೇ ಗೈರುಹಾಜರಾಗುತ್ತಿದ್ದೆ. ಒಂಬತ್ತನೆಯದಕ್ಕೆ ಬಿಟ್ಟೆ.

ಜೋಸ್ವಿನ್ ಕೇಬಲ್ ನೋಡಲು ಬಂದಾಗ ಮಾತ್ರ ಹೇಗೋ ಕೇಳಿದೆ. "ಮೂರು ಸಲ ಕರೆಯುವ ಹಾಗೆ ಮಾಡಬಹುದಾ?"

"ನೀವು ಮಾತಾಡುತ್ತೀರಾ?" ಎಂದು ಅವನು ಕುರ್ಚಿ ತಿರುಗಿಸಿದ. "ಮಾಡಬಹುದು. ಆದರೆ ಮೂರೇ ಯಾಕೆ?"

"ಸುಮ್ಮನೆ."

"ಸುಮ್ಮನೆ ಮೂರು. ಆಯ್ತು ಮಾರಾಯ್ರೇ." ಎರಡು ಕಡೆ ಒತ್ತಿದ, ಮುಗಿಯಿತು.

ಆ ಸಂಜೆ ಸ್ಪೀಕರ್ ಮೂರು ಸಲ ಕರೆಯಿತು. ಸೇಸಪ್ಪಣ್ಣ ಮೂರೂ ಸಲ ಕಾದರು. ಬಾಯಿ ಬಿಡಲಿಲ್ಲ. ಮತ್ತೆ ಕೆಂಪು, ಮತ್ತೆ ಸೈರನ್.

ಮಾರನೆಯ ದಿನ ಬಿಸಿಲು ಇಳಿಯುವ ಮೊದಲೇ ಚಹಾ ಹಿಡಿದು ಅಂಗಳಕ್ಕೆ ಹೋದೆ. ಅವರು ಕೋಲ್ಡ್ ಸ್ಟೋರೇಜಿನ ಗೋಡೆಯ ನೆರಳಿನಲ್ಲಿ ರಟ್ಟಿನ ಮೇಲೆ ಕೂತಿದ್ದರು. ತುಳುವಿನಲ್ಲಾದರೆ ನನಗೆ ಮಾತು ಸ್ವಲ್ಪ ಸಲೀಸು.

"ಸೇಸಪ್ಪಣ್ಣ, ನಿಮಗೆ ಕೇಳುತ್ತದೆ. ನಾನು ನೋಡಿದ್ದೇನೆ."

ಅವರು ಚಹಾ ಊದಿ ಕುಡಿದರು. "ಕೇಳದೆ ಎಂತ? ಫರ್ವಾನಿಯಾದವರೆಗೆ ಕೇಳೀತು ಆ ಸ್ವರ."

"ನಿನ್ನೆ ಮೂರು ಸಲ ಕರೆಯಿತಲ್ಲ."

ಲೋಟ ಕೆಳಗಿಟ್ಟರು. ನಾನು ಅರ್ಥ ಮಾಡಿಕೊಂಡದ್ದು ಅವರಿಗೂ ಅರ್ಥವಾಗಿತ್ತು. "ಕರೆಯಿತು ಮಗಾ. ಆದರೆ ಮೂರೂ ಒಂದೇ ಅಚ್ಚು. ಮನುಷ್ಯರು ಹಾಗೆ ಕರೆಯುತ್ತಾರಾ? ನನ್ನ ಹೆಂಡತಿ ಒಂದನೆಯ ಸಲ ಕರೆಯುವುದಕ್ಕೂ ಮೂರನೆಯ ಸಲಕ್ಕೂ ಎಷ್ಟು ವ್ಯತ್ಯಾಸ ಉಂಟು ಗೊತ್ತುಂಟಾ? ಆ ಹೆಂಗಸಿಗೆ ಉಸಿರೇ ಇಲ್ಲ."

"ಅದು ಕಂಪ್ಯೂಟರು."

"ತಲೆಗೆ ಗೊತ್ತುಂಟು. ನಾಲಿಗೆಗೆ ಗೊತ್ತಿಲ್ಲ. ಓ ಅನ್ನಬೇಕು ಅಂತ ದಿನಾ ಹೊರಡುತ್ತೇನೆ. ಕತ್ತಲಾದ ಮೇಲೆ ಅದು ಹೆಸರು ಹೇಳಿದರೆ ಗಂಟಲು ಹಿಡಿಯುತ್ತದೆ."

"ಸರ್‌ಗೆ ಹೇಳಲಾ?"

"ಬೇಡ. ಪೊರ್ಬುಗಳು ನಗುತ್ತಾರೆ. ಇಷ್ಟು ವರ್ಷ ಇಲ್ಲಿದ್ದು ಭೂತಕ್ಕೆ ಹೆದರಿ ಕೆಲಸ ಕಳಕೊಂಡ ಅಂತ ಆದೀತು. ಕಿವಿ ಹೋಯಿತು ಅಂತಾದರೆ ಮರ್ಯಾದೆ ಉಂಟು." ಲೋಟ ಮತ್ತೆ ಕೈಗೆತ್ತಿಕೊಂಡು ಹೇಳಿದರು. "ಊರಿಗೆ ಹೋದರೆ ಒಂದು ವಾರ ಚಹಾದ ಜೊತೆ ಬಿಸ್ಕತ್ತು ಇಡುತ್ತಾರೆ. ಆಮೇಲೆ ಬಿಸ್ಕತ್ತು ನಿಲ್ಲುತ್ತದೆ. ಸಣ್ಣ ಮಗಳ ಮದುವೆ ಮುಗಿಯುವವರೆಗಾದರೂ ಇರಬೇಕು ಅಂತ ಇತ್ತು."

ಗುರುವಾರ ಎಡ್ವರ್ಡ್ ಸರ್ ನನ್ನ ಪಕ್ಕ ಸ್ಟೂಲು ಹಾಕಿ ಕೂತರು. ಜೋಸ್ವಿನ್ ಗೋಡೆಗೆ ಒರಗಿ ನಿಂತಿದ್ದ. ಹೊರಗೆ ಬಾಂಗು ಮುಗಿಯಿತು. ಅಂಗಳದ ದೀಪಗಳು ಹತ್ತಿದವು. ಗೇಟಿನಾಚೆ ಲಾರಿ ಓಡಿಸುವ ಪಠಾಣರು ನಮಾಜಿನ ಚಾಪೆ ಮಡಿಸುತ್ತಿದ್ದರು. ಸ್ಪೀಕರ್ ಕರೆಯಿತು. ಪರದೆಯಲ್ಲಿ ಸೇಸಪ್ಪಣ್ಣನ ಹೆಜ್ಜೆ ನಿಂತಿತು. ಅದು ಮತ್ತೆರಡು ಸಲ ಕರೆದು ಸುಮ್ಮನಾಯಿತು. ಚುಕ್ಕಿ ಕೆಂಪಾಯಿತು.

"ಇನ್ನು ನಾನೇನು ಮಾಡಲಿ?" ಎಂದು ಎಡ್ವರ್ಡ್ ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಸೈರನ್ ಹೊಡೆಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಮೇಜಿನ ಮೇಲೆ ಮೈಕ್ ಇತ್ತು, ಅದನ್ನು ನಾನು ಧೂಳು ಒರೆಸಲು ಮಾತ್ರ ಮುಟ್ಟಿದ್ದೆ. ಕೈ ಚಾಚಿ ಗುಂಡಿ ಒತ್ತಿದೆ.

"ಸೇಸಪ್ಪಣ್ಣ."

ಒಂದು ಕಂಬದ ಬದಲು ಎಲ್ಲ ಕಂಬಗಳ ಗುಂಡಿ ಒತ್ತಿಬಿಟ್ಟಿದ್ದೆ. ನನ್ನ ಸ್ವರ ಇಡೀ ಅಂಗಳದಲ್ಲಿ ಒಟ್ಟಿಗೆ ಎದ್ದು ಗೇಟಿಗೂ ಕ್ಯಾಂಟೀನಿನ ಬಾಗಿಲಿಗೂ ಮುಟ್ಟಿತು. ಪಠಾಣರು ತಲೆ ಎತ್ತಿದರು. ಕೈ ತೆಗೆದುಬಿಡುತ್ತಿದ್ದೆ, ಆದರೆ ಪರದೆಯಲ್ಲಿ ಅವರು ಕಾಯುತ್ತಿದ್ದರು.

"ಸೇಸಪ್ಪಣ್ಣಾ."

ಅವರು ಅಲ್ಲಾಡಲಿಲ್ಲ. ಏನೋ ಹೇಳಲು ಬಂದ ಜೋಸ್ವಿನ್‌ನನ್ನು ಎಡ್ವರ್ಡ್ ಸರ್ ಕೈ ಎತ್ತಿ ತಡೆದರು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಇಷ್ಟು ಜನರ ಕಿವಿಗೆ ಬಿದ್ದ ಮೇಲೆ ಈ ಮನುಷ್ಯ ಇನ್ನೂ ಲೆಕ್ಕ ಹಾಕುತ್ತಿದ್ದಾರಲ್ಲ ಅನ್ನಿಸಿತು.

"ಸೇಸಪ್ಪಣ್ಣಾ, ಒಂದು ಓ ಅನ್ನಲಿಕ್ಕೆ ನಿಮಗೆ ದೊಡ್ಡ ರೋಗವಾ ಮಾರಾಯ್ರೇ!"

"ಓ," ಎಂದರು ಸೇಸಪ್ಪಣ್ಣ. ಹಿಂದೆ ತಿರುಗಿ, ಕಂಬದ ಹತ್ತಿರ ಬಂದು, ಮುಖ ಎತ್ತಿ ಇನ್ನೊಮ್ಮೆ ಹೇಳಿದರು. "ಓ ಮಗಾ. ಇದ್ದೇನೆ."

ಚುಕ್ಕಿ ಹಸಿರಾಯಿತು. ಎಡ್ವರ್ಡ್ ಸರ್ ಕನ್ನಡಕ ಮತ್ತೆ ಹಾಕಿಕೊಂಡರು.

"ಶಿರ್ವದಲ್ಲಿ ನಮ್ಮ ಅಜ್ಜಿಯೂ ಹೇಳುತ್ತಿದ್ದಳು," ಎಂದರು. "ಮೂರು ಸಲ ಆಗದೆ ಬಾಗಿಲು ತೆಗೆಯಬಾರದು ಅಂತ. ನಾನೇ ಕುಳಿತು ಆ ಹೆಸರು ಹಾಕಿಸಿದ್ದು ನೋಡು." ಮತ್ತೆ ಜೋಸ್ವಿನ್ ಕಡೆ ತಿರುಗಿ, "ಕಿವಿ ಸರಿ ಉಂಟು ಅಂತ ನಾಳೆಯೇ ಬರೆದು ಕಳಿಸುತ್ತೇನೆ. ಇಕಾಮಾ ಆಗುತ್ತದೆ. ಇವಳ ಸ್ವರವನ್ನು ರೆಕಾರ್ಡ್ ಮಾಡಿ ಹಾಕಿಬಿಡು," ಎಂದರು.

"ಬೇಡ ಸರ್," ಎಂದೆ.

ಇಬ್ಬರೂ ನನ್ನನ್ನು ನೋಡಿದರು. ಆ ಆಫೀಸಿನಲ್ಲಿ ನಾನು ಬೇಡ ಎಂದದ್ದು ಅದೇ ಮೊದಲು.

"ರೆಕಾರ್ಡ್ ಮಾಡಿದರೆ ಅದೂ ದಿನಾ ಒಂದೇ ತರ ಇರುತ್ತದೆ. ಅವರು ಪುನಃ ಓಗೊಡುವುದಿಲ್ಲ."

"ಹಾಗಾದರೆ ದಿನಾ ಕರೆಯುವವರು ಯಾರು?"

ಉತ್ತರ ಅವರಿಗೂ ಗೊತ್ತಿತ್ತು. ಆದರೂ ನಾನೇ ಹೇಳುವವರೆಗೆ ಕಾದರು. ಹೇಳಿದೆ.

ಈಗ ಸಂಜೆಯ ಕುರ್ಚಿ ನನ್ನದು. ರಜೆಗೆ ಹೋದವನು ಬಂದು ಹಗಲಿನ ಪಾಳಿ ಹಿಡಿದಿದ್ದಾನೆ. ಒಂದೇ ಕಂಬದ ಗುಂಡಿ ಒತ್ತಲು ಕಲಿತಿದ್ದೇನೆ, ಆದರೂ ಲಾರಿಯವರು ಗೇಟಿನಲ್ಲಿ ನನ್ನನ್ನು ಕಂಡರೆ "ಸೇಸಪ್ಪಣ್ಣಾ" ಎಂದು ರಾಗ ಎಳೆಯುವುದನ್ನು ಬಿಟ್ಟಿಲ್ಲ. ಸ್ವರ ನನ್ನದೇ ಎಂದು ಗೊತ್ತಾದ ಮೇಲೂ ಯಾಕೆ ಮೊದಲ ಕರೆಗೇ ಓಗೊಡುವುದಿಲ್ಲ ಎಂದು ಒಮ್ಮೆ ಸೇಸಪ್ಪಣ್ಣನನ್ನು ಕೇಳಿದೆ.

"ನಿನ್ನದೇ ಅಂತ ಹೇಗೆ ನಂಬುವುದು?" ಎಂದರು. "ಅದು ಗುರುತಿನವರ ಸ್ವರದಲ್ಲಿಯೇ ಬರುವುದಲ್ಲವಾ? ನೀನು ಮೂರನೆಯದಕ್ಕೆ ಬೈಯಿ. ಅದಕ್ಕೆ ಬೈಯಲಿಕ್ಕೆ ಬರುವುದಿಲ್ಲ."

ನನಗೂ ಬರುತ್ತಿರಲಿಲ್ಲ. ವ್ಯಾನಿನಲ್ಲಿ ಬರುವಾಗ ಕಿಟಕಿಗೆ ತಲೆಯಿಟ್ಟು ಆ ದಿನದ ಬೈಗುಳವನ್ನು ಹುಡುಕಿಕೊಳ್ಳುತ್ತೇನೆ. ನಿನ್ನೆಯದು ಇವತ್ತಿಗೆ ನಡೆಯುವುದಿಲ್ಲ.