ದೊನ್ನೆಯಲ್ಲಿ ಕೊಟ್ಟ ನೀರು

ನಮ್ಮ ಆಟದಲ್ಲಿ ಕೆಟ್ಟವರಿಗೆ ಜಾಗವಿಲ್ಲ ಎಂಬ ನಿಯಮ ಮಾಡಿದವನು ನಾನೇ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಸೂಫಿಯಾಳ ಮನೆಯ ಮಾಳಿಗೆ ಕೋಣೆಯ ಗೋಡೆಗೆ ಮೊಳೆ ಹೊಡೆದು ಹಚ್ಚಿದವನೂ ನಾನೇ. ನನ್ನ ಹೆಸರು ಅಂಜಿ, ಹೊಲ ಅಳೆಯುವ ಸರ್ವೇಯರ್. ಎಳೆದ ಗೆರೆಯನ್ನು ಯಾರಾದರೂ ದಾಟಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆಟ ಇಷ್ಟೇ. ಪ್ರತಿ ಭಾನುವಾರ ಮಧ್ಯಾಹ್ನ ರಾಯಚೂರಿನಲ್ಲಿ ನಾಲ್ವರು ಒಂದು ಮೇಜಿನ ಸುತ್ತ ಕೂಡುತ್ತೇವೆ. ಮೂವರು ಒಂದೊಂದು ಪಾತ್ರವಾಗುತ್ತಾರೆ. ನಾನು ಕಥೆ ನಡೆಸುತ್ತೇನೆ: ಎದುರಿಗೆ ಕಾಡು ಬಂತು, ಸೇತುವೆ ಮುರಿದಿದೆ, ಏನು ಮಾಡುತ್ತೀರಿ? ಅವರು ಹೇಳುತ್ತಾರೆ, ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ, ಸಂಖ್ಯೆ ಬಿದ್ದಂತೆ ಕಥೆ ಸಾಗುತ್ತದೆ. ಮಾನ್ವಿಯ ರೈಸ್ ಮಿಲ್ಲಿನಲ್ಲಿ ಮಷೀನು ರಿಪೇರಿ ಮಾಡುವ ಸುಭಾಷ್ ಕತ್ತಿವೀರ. ಮೆಡಿಕಲ್ ಶಾಪಿನ ಸೂಫಿಯಾ ಬಿಲ್ಲುಗಾರ್ತಿ. ಮಾನ್ವಿಯಿಂದಲೇ ಬಂದು ಯರಗೇರಾದ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಗಣಿತ ಕಲಿಸುವ ಕಲ್ಯಾಣಿ ಎರಡು ವರ್ಷದಿಂದ ಗಾಯ ಮಾಯಿಸುವ ವೈದ್ಯೆ.

ನಿಯಮಕ್ಕೆ ಕಾರಣ ಸುಭಾಷ್. ಒಮ್ಮೆ ಕಳ್ಳನ ಪಾತ್ರ ತಗೊಂಡು, ಜೊತೆಗೆ ನಡೆದು ಬಂದವರ ಚೀಲಕ್ಕೇ ಕೈ ಹಾಕಿದ. ಸೂಫಿಯಾ ಎರಡು ವಾರ ಅವನ ಜೊತೆ ಮಾತು ಬಿಟ್ಟಳು. ರಟ್ಟು ಗೋಡೆ ಏರಿತು.

ಹೀಗಿರುವಾಗ, ದಸರೆ ಕಳೆದ ಮೂರನೆಯ ಭಾನುವಾರ, ಕಲ್ಯಾಣಿ ಬಂದವಳೇ, “ನಂಗೊಂದು ಕೆಟ್ಟ ಪಾತ್ರ ಬೇಕು, ಅಂಜಿ,” ಎಂದಳು.

“ಓದಾಕ ಬರ್ತದಲ್ಲ ನಿನಗ?” ಎಂದು ನಾನು ರಟ್ಟು ತೋರಿಸಿದೆ.

“ಒಂದ ಸಲ. ಕೊಡದಿದ್ರ ಇನ್ನ ಮ್ಯಾಲೆ ನಾ ಬರಂಗಿಲ್ಲ.”

ಒಳ್ಳೇ ಪೀಕಲಾಟಕ್ಕೆ ಬಂತು. ಎರಡು ವರ್ಷದಲ್ಲಿ ಅವಳು ಯಾವುದಕ್ಕೂ ಹಟ ಹಿಡಿದವಳಲ್ಲ. ಕಲ್ಯಾಣಿ ಇಲ್ಲದ ಭಾನುವಾರ ನನಗೆ ಬೇಡವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿದೆನೇ? ಇಲ್ಲ, ಷರತ್ತು ಹಾಕಿದೆ.

“ಕೊಲ್ಲಂಗಿಲ್ಲ. ಕದಿಯಂಗಿಲ್ಲ. ಬೈಯಂಗಿಲ್ಲ. ಯಾರಿಗೂ ಕೈ ಹಚ್ಚಂಗಿಲ್ಲ.”

“ಕೈ ಅಂತೂ ಹಚ್ಚಂಗೇ ಇಲ್ಲ,” ಎಂದಳು ಕಲ್ಯಾಣಿ.

“ಮತ್ತ ಕೆಟ್ಟಾಕಿ ಹೆಂಗ ಆಗ್ತಾಳ ಲೇ?” ಎಂದು ಸುಭಾಷ್ ನಕ್ಕ.

ಅವಳು ತನ್ನ ವೈದ್ಯೆಯ ಹಾಳೆಯನ್ನು ನನ್ನ ಕಡೆ ಸರಿಸಿದಳು. “ಇವತ್ತೊಂದು ದಿನ ಈಕಿನ್ನ ನೀ ಆಡು.” ಹೊಸ ಹಾಳೆಯ ಮೇಲೆ ‘ಕೋಟೆಯ ದೊಡ್ಡವ್ವ’ ಎಂದು ಬರೆದಿತ್ತು. ಸ್ವಭಾವ ಎಂಬ ಕಡೆ ಖಾಲಿ. “ಇದನ್ನ ಕಡೀಕ ನೀನ ತುಂಬು.”

ಆಟ ಶುರುವಾಯಿತು. ಮೂವರು ಪಯಣಿಗರು ಬಯಲು ದಾಟಿ ಕೋಟೆ ಮುಟ್ಟಿದರು. ಬಾಗಿಲಲ್ಲಿ ದೊಡ್ಡವ್ವ.

“ಬರ್ರಿ, ಬರ್ರಿ! ಎಂಥಾ ಬಿಸಿಲಾಗ ಬಂದೀರಿ. ಕುಂದರ್ರಿ.” ಕಲ್ಯಾಣಿಯ ದನಿಯೇ ಬೇರೆಯಾಗಿತ್ತು, ಬೆಲ್ಲ ಬೆರೆಸಿದಂತೆ. ಆಮೇಲೆ ವೈದ್ಯೆಯ ಕಡೆ, ಅಂದರೆ ನನ್ನ ಕಡೆ, ತಿರುಗಿದಳು. “ನಿಮ್ಮೂರಾಗ ನಿಮ್ಮ ಮನಿ ಯಾವ ಓಣ್ಯಾಗ ಬರ್ತದ, ತಂಗಿ?”

“ಹಳ್ಳದ ಆಚಿ,” ಎಂದು ಬಾಯಿಗೆ ಬಂದದ್ದು ಹೇಳಿದೆ.

“ಹೌದಾ,” ಎಂದು ದೊಡ್ಡವ್ವ ಒಳಗೆ ಹೋದಳು. ನೀರು ತಂದಳು. ಕತ್ತಿವೀರನಿಗೆ ಹಿತ್ತಾಳೆ ಲೋಟ. ಬಿಲ್ಲುಗಾರ್ತಿಗೆ ಗಾಜಿನ ಲೋಟ. ವೈದ್ಯೆಗೆ ಎಲೆಯ ದೊನ್ನೆ. “ಹೊಸಾದು ಅದ, ತಂಗಿ. ನಿನಗಂತ ಬ್ಯಾರೆ ತಗದಿಟ್ಟೀನಿ. ಕುಡದು ಹೊರಗ ಒಗದು ಬಾ.”

ವಿಷ ಇರಬೇಕೆಂದುಕೊಂಡು ವೈದ್ಯೆಯ ಪರವಾಗಿ ದಾಳ ಹಾಕಿದೆ. ಹತ್ತೊಂಬತ್ತು ಬಿತ್ತು, ಅಷ್ಟು ದೊಡ್ಡ ಸಂಖ್ಯೆ ಬಿದ್ದ ಮೇಲೆ ಯಾವ ವಿಷವೂ ಅಡಗಿರಲಾರದು.

“ವಿಷ ಇಲ್ಲ,” ಎಂದಳು ಕಲ್ಯಾಣಿ. “ಸಿಹಿನೀರು.”

“ಬಾಗಲಾ ಹಾಕಿ ನಮ್ಮನ್ನ ಕೂಡಿ ಹಾಕ್ತಾಳೇನು?” ಎಂದು ಸುಭಾಷ್ ಆಸೆಯಿಂದ ಕೇಳಿದ.

“ಇಲ್ಲ. ಊಟಕ್ಕ ಏಳ್ರಿ ಅಂತಾಳ.”

ನನಗೆ ರೇಗಿತು. “ಏನ್ ಬೇ ಇದು! ಹಟ ಹಿಡದು ಕೆಟ್ಟ ಪಾತ್ರ ಇಸ್ಕೊಂಡಿ. ಈಕಿ ನೋಡಿದ್ರ ಚಲೋ ಹೆಣಮಗಳು. ನೀರು ಕೊಟ್ಟಾಳ, ಉಣ್ಣಾಕ ಕರದಾಳ. ‘ಒಳ್ಳೆಯವಳು’ ಅಂತ ಬರೀತೀನಿ ನೋಡು.” ಪೆನ್ಸಿಲ್ ತೆಗೆದು ‘ಒ’ ಎಂದು ಬರೆದೂ ಬಿಟ್ಟೆ.

ಸೂಫಿಯಾ ದಾಳಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. “ನಂಗೂ ಅವತ್ತು ಗಾಜಿನ ಗ್ಲಾಸೇ ಕೊಟ್ಟಿದ್ರು, ಅಂಜಿ,” ಎಂದಳು.

ದಸರೆಗೆ ಈ ಮೂವರನ್ನೂ ದೇವದುರ್ಗದ ನಮ್ಮ ಮನೆಗೆ ಕರೆದುಕೊಂಡು ಹೋಗಿದ್ದೆ. ನಮ್ಮವ್ವ ದುರ್ಗಾದೇವಿ ಎಲ್ಲರ ಕೈಗೂ ಬನ್ನಿ ಎಲೆ ಹಾಕಿ, “ಬಂಗಾರದಂಗ ಇರೂಣು” ಎಂದಳು. ಮಾನ್ವಿಯಲ್ಲಿ ನಿಮ್ಮದು ಯಾವ ಓಣಿ ಎಂದು ಕಲ್ಯಾಣಿಯೊಬ್ಬಳನ್ನೇ ಕೇಳಿದಳು. ಕಲ್ಯಾಣಿ ಮುಚ್ಚಿಡದೆ ಹೇಳಿದಳು. ಆಮೇಲೆ ನೀರು ಬಂತು. ನನಗೂ ಸುಭಾಷನಿಗೂ ಸ್ಟೀಲ್ ಲೋಟ, ಸೂಫಿಯಾಗೆ ಗಾಜಿನದು, ಕಲ್ಯಾಣಿಗೆ ಕಾಗದದ ಕಪ್ಪು. ನಮ್ಮ ಮನೆಯಲ್ಲಿ ಕಾಗದದ ಕಪ್ಪು ಎಂದೂ ಇರಲಿಲ್ಲ. ಓಣಿ ಕೇಳಿದ ಮೇಲೆ ಅವ್ವ ಅಂಗಡಿಯಿಂದ ತರಿಸಿದ್ದಳು. ಕೊಡುವಾಗ ಅವ್ವ ಅಂದದ್ದೂ ಇದೇ: ಹೊಸಾದು ಅದ, ತಂಗಿ, ನಿನಗಂತ ಬ್ಯಾರೆ ತಗದಿಟ್ಟೀನಿ. ಅಕ್ಷರ ಒಂದೂ ಹೆಚ್ಚು ಕಡಿಮೆ ಇಲ್ಲ.

ನನಗೆ ಕಾಣಲಿಲ್ಲ ಎಂದು ಜಾರಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

“ನಾ ನೋಡಿದ್ದೆ,” ಎಂದೆ.

“ಗೊತ್ತು,” ಎಂದಳು ಕಲ್ಯಾಣಿ. “ನೀ ನೋಡಿದ್ದನ್ನ ನಾನೂ ನೋಡೀನಿ. ಹೋಳಿಗಿಗೆ ತುಪ್ಪ ತಾ ಬೇ ಅಂತ ಮಾತು ಹೊಳ್ಳಿಸಿದಿ.”

ನಾಚಿಕೆಯಾಯಿತು. ಅದಕ್ಕೆ ಬೇರೆ ಹೆಸರಿಲ್ಲ. ‘ಒ’ ಅಳಿಸಿ, ‘ಕೆಟ್ಟವಳು’ ಎಂದು ಬರೆದೆ. ಬರೆದದ್ದು ಹೆತ್ತ ತಾಯಿಯ ಬಗ್ಗೆ. ಕಲ್ಯಾಣಿ ಹಾಳೆ ನೋಡಿದಳು, ಸಂತೋಷಪಟ್ಟಂತೆ ಕಾಣಲಿಲ್ಲ.

“ಆಟ ಇನ್ನ ಮುಗದಿಲ್ಲ,” ಎಂದಳು. “ವೈದ್ಯೆ ನಿನ್ನ ಕೈಯಾಗ ಅದಾಳ. ಕುಡೀತಾಳೇನು?”

ನಾನು ಸೂಫಿಯಾಳ ಕೈಲಿದ್ದ ದಾಳಕ್ಕೆ ಕೈಚಾಚಿದೆ.

“ದಾಳಕ್ಕ ಕೇಳಬ್ಯಾಡ. ನೀನ ಹೇಳು.”

“ಅವತ್ತು ನೀ ಯಾಕ ಕುಡದಿ?”

“ನೀರಡಿಕಿ ಆಗಿತ್ತು. ಯಾರರ ಒಬ್ರು ತಮ್ಮ ಗ್ಲಾಸು ಈ ಕಡಿ ಸರಸ್ತಾರೇನೋ ಅಂತ ನೋಡಿದೆ. ಆಮ್ಯಾಲೆ ಕುಡದೆ.”

ನಾನು ಕತ್ತಿವೀರನನ್ನು ನೋಡಿದೆ. ಸುಭಾಷ್ ತಲೆ ತಗ್ಗಿಸಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಸೂಫಿಯಾ ಕಿಟಕಿಯ ಕಡೆ ಮುಖ ಮಾಡಿದ್ದಳು. ಯಾರೂ ಏನೂ ಸರಿಸಲಿಲ್ಲ.

“ಕುಡೀತಾಳ,” ಎಂದೆ. “ಕುಡದು, ದೊನ್ನಿ ಒಗದು ಬರಾಕ ಹೊರಗ ಹೋಗ್ತಾಳ.”

ಕಲ್ಯಾಣಿ ವೈದ್ಯೆಯ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. “ಮುಂದಿನ ವಾರದಿಂದ ಈಕಿನ್ನ ನಾನ ಆಡ್ತೀನಿ. ಮೊದಲ ಆ ರಟ್ಟು ತಗಿ, ಅಂಜಿ. ಅದು ಗ್ವಾಡಿ ಮ್ಯಾಲಿದ್ರ ನೀನೂ ಇಲ್ಲಿ ಕೂಡಾಕ ಬರಂಗಿಲ್ಲ.”

ನಾನು ಸ್ಟೂಲು ಹತ್ತಿ ಮೊಳೆ ಕಿತ್ತೆ.