ನಾನು ಯಾರನ್ನೂ ಬೈದಿಲ್ಲ

ನಾನು ಒಂದು ಹೊಲಿಗೆ ಯಂತ್ರ, ಕಾಲಿನಿಂದ ತುಳಿದು ಓಡಿಸುವ ಜಾತಿ. ಸುಮ್ಮನೆ ಕೂರುವುದೆಂದರೆ ನನಗೆ ಜೀವಕ್ಕೆ ಬರುತ್ತದೆ. ಬಾಯಿಬಡುಕ ಎಂದು ಬೇಕಾದರೆ ಅನ್ನಿ, ಆದರೆ ನನ್ನ ಬಾಯಿಂದ ಹೊರಡುವುದು ಟಕಟಕ ಎಂಬ ಸದ್ದೊಂದೇ. ಆ ಸದ್ದಿನ ಮೇಲೆ ಎಂಥ ಅಪವಾದ ಬಂತು ಅನ್ನುವುದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ನಾನು ಹುಟ್ಟಿದ್ದು ಲುಧಿಯಾನಾದ ಒಂದು ಕಾರ್ಖಾನೆಯಲ್ಲಿ. ಕಬ್ಬಿಣ ಕಾಯಿಸಿ ಅಚ್ಚಿಗೆ ಸುರಿದರು, ಕಪ್ಪು ಬಣ್ಣ ಬಳಿದರು, ಮೈಮೇಲೆ ಹಳದಿ ಬಳ್ಳಿ ಬರೆದರು. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕುಲುಕುತ್ತ ರೈಲಿನಲ್ಲಿ ಗದಗಕ್ಕೆ ಬಂದೆ. ಬೆಟಗೇರಿಯ ಟೇಲರ್ ತುಕಾರಾಮಪ್ಪ ನನಗೆ ಅರಿಸಿನ ಕುಂಕುಮ ಹಚ್ಚಿ, ಹದಿನಾರು ವರ್ಷದ ಮಗ ಏಕನಾಥನನ್ನು ನನ್ನ ಮುಂದೆ ಕೂರಿಸಿದ.

ಆಹಾ, ಏನು ಕಾಲು ಅವನದು! ಜೂನ್ ಬಂತೆಂದರೆ ಶಾಲೆ ಮಕ್ಕಳ ಯೂನಿಫಾರ್ಮು ರಾಶಿ ಬೀಳುತ್ತಿತ್ತು. ಅವನು ತುಳಿಯುತ್ತಿದ್ದ, ನಾನು ಓಡುತ್ತಿದ್ದೆ. ಪಕ್ಕದಲ್ಲಿ ಚಾಪೆ ಹಾಕಿಕೊಂಡು ಅವನ ಅಕ್ಕ ತುಳಸಾಬಾಯಿ ಕಾಜಾ ಮಾಡಿ ಗುಂಡಿ ಹಚ್ಚುತ್ತಿದ್ದಳು. ಗಂಡ ತೀರಿದ ಮೇಲೆ ತವರಿಗೆ ಬಂದವಳು ಆಕೆ. ತಮ್ಮನೆಂದರೆ ಪ್ರಾಣ.

ಏಕನಾಥನಿಗೆ ಇಪ್ಪತ್ನಾಲ್ಕು ತುಂಬಿದ ವರ್ಷ ಏನೋ ಕೆಟ್ಟಿತು. ಸರಿಯಾಗಿ ಉಣ್ಣುತ್ತಿರಲಿಲ್ಲ, ಸ್ನಾನ ಬಿಟ್ಟ, ಗಿರಾಕಿಗಳ ಮುಖ ನೋಡುವುದನ್ನೂ ಬಿಟ್ಟ. ಹೊಲಿಯುತ್ತಲೇ ತಟ್ಟನೆ ನಿಲ್ಲುವನು, ಬಗ್ಗಿ ನನ್ನ ಹತ್ತಿರ ಕಿವಿ ತರುವನು. ಒಂದು ದಿನ ಚೀರಿಯೇಬಿಟ್ಟ.

"ಅಕ್ಕಾ, ಈ ಮಷೀನು ನನ್ನ ಹೆಸರು ಹಿಡದು ಬೈಯಾಕತ್ತೈತಿ! ಇದರೊಳಗ ಯಾರೋ ಕುಂತಾರ!"

ನಾನಾ? ಅವನನ್ನಾ? ಎಣ್ಣೆ ಹಾಕಿ ಒರೆಸಿ ಸಾಕಿದವನನ್ನು ನಾನು ಬೈಯುವುದುಂಟೆ?

ಮುಂದೆ ಇನ್ನೊಂದು ಶುರುವಾಯಿತು. ಮಂದಿ ತಮ್ಮ ಕಿಸೆಗಳಲ್ಲಿ ತನಗಾಗಿ ಏನೋ ಬಚ್ಚಿಟ್ಟು ತರುತ್ತಾರೆಂದು ಅವನಿಗೆ ಅನ್ನಿಸಿತು. ಬಂದ ಪ್ಯಾಂಟುಗಳ ಕಿಸೆಗಳನ್ನೆಲ್ಲ ಎರಡೆರಡು ಹೊಲಿಗೆ ಹಾಕಿ ಮುಚ್ಚಿದ. ನನ್ನ ಸೂಜಿಯಿಂದಲೇ ಮುಚ್ಚಿಸಿದ! ಮದುವೆ ಗಂಡೊಬ್ಬ ಹೊಸ ಪ್ಯಾಂಟು ಹಾಕಿಕೊಂಡು ಬಂದು, "ಕೈ ಹಾಕಾಕ ಜಾಗಾನ ಇಲ್ಲಲ್ಲೋ ಮಾರಾಯಾ!" ಎಂದು ಕೂಗಿದಾಗ ಓಣಿಗೆ ಓಣಿಯೇ ನಕ್ಕಿತು. ತುಳಸಾಬಾಯಿ ಮಾತ್ರ ತಲೆ ತಗ್ಗಿಸಿ ಒಂದೊಂದೇ ಹೊಲಿಗೆ ಬಿಚ್ಚಿದಳು.

ತುಕಾರಾಮಪ್ಪ ಮಗನ ಕೈಗೆ ದಾರ ಕಟ್ಟಿಸಿದ, ಬೂದಿ ಹಚ್ಚಿಸಿದ. ದಾರ ಕಟ್ಟಿದವನು ದೋಷ ಮಷೀನಿನಲ್ಲೇ ಇದೆ ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ನನ್ನ ಕೊರಳಿಗೆ ಲಿಂಬೆಹಣ್ಣು ಕಟ್ಟಿ, ಗೋಣಿಚೀಲ ಹೊದಿಸಿ ಹಿತ್ತಲಿಗೆ ನೂಕಿದರು. ಅಲ್ಲಿ ಕೂತು ದಿನವೂ ಅವನ ಕೂಗು ಕೇಳುತ್ತಿದ್ದೆ. ಏನೂ ಮಾಡಲಾಗದೆ ತುಕ್ಕು ಹಿಡಿಯುವ ಸಂಕಟ ಯಾರಿಗೂ ಬೇಡ.

ಪಕ್ಕದ ಮನೆಯ ಹಸೀನಾ ಆಶಾ ಕಾರ್ಯಕರ್ತೆ. ಬಿಡುವಿನಲ್ಲಿ ಲಂಗ ಹೊಲಿಯಲು ನನ್ನನ್ನು ಕೇಳಿ ಒಯ್ದಳು. ದೆವ್ವಗಿವ್ವಕ್ಕೆ ಹೆದರುವ ಹೆಂಗಸಲ್ಲ. ಒಂದು ವರ್ಷ ನನ್ನನ್ನು ತುಳಿದ ಮೇಲೆ ತುಳಸಾಬಾಯಿಯನ್ನು ಕರೆದು ನನ್ನ ಎದುರಿಗೇ ಕೂರಿಸಿಕೊಂಡಳು.

"ತುಳಸಕ್ಕಾ, ವರ್ಷಾತು, ಈ ಮಷೀನು ಯಾರ ಹೆಸರೂ ಹಿಡದು ಕರದಿಲ್ಲ. ಬ್ಯಾನಿ ಮಷೀನಿಗಲ್ಲ, ನಿನ್ನ ತಮ್ಮಗ. ಅದಕ್ಕ ಔಷಧ ಐತಿ. ಮಂಗಳಾರ ಸರ್ಕಾರಿ ದವಾಖಾನಿಗೆ ಮನಸ್ಸಿನ ಡಾಕ್ಟ್ರು ಬರ್ತಾರ. ನಾನೂ ಬರ್ತೀನಿ, ನಡಿ."

"ಮಂದಿ ಏನಂದಾರ?"

"ಈಗರ ಏನ್ ಛಲೋ ಅನ್ನಾಕತ್ತಾರೇನು?"

ಡಾಕ್ಟರಮ್ಮ ಅದಕ್ಕೆ ಸ್ಕಿಜೋಫ್ರೇನಿಯಾ ಎಂಬ ಹೆಸರು ಹೇಳಿದರಂತೆ. ಮಿದುಳಿನ ಕಾಯಿಲೆ, ಯಾರ ಪಾಪವೂ ಅಲ್ಲ, ಯಾರ ಮಾಟವೂ ಅಲ್ಲ. ಇಲ್ಲದ ದನಿಯನ್ನು ಕಿವಿ ನಿಜವಾಗಿಯೇ ಕೇಳುತ್ತದೆ, ಆದ್ದರಿಂದ ಅವನೊಡನೆ ಜಗಳಾಡಬೇಡಿ ಅಂದರಂತೆ. ಮೂರು ತಿಂಗಳು ಗುಳಿಗೆ ನುಂಗಿದ ಮೇಲೆ ಏಕನಾಥ ತಾನೇ ಬಂದು ನನ್ನನ್ನು ಮನೆಗೆ ಕರೆದೊಯ್ದ. ನನಗೆ ಹಿಡಿಸಲಾರದಷ್ಟು ಖುಷಿ.

ಆದರೆ ಗುಳಿಗೆ ಅವನ ಕೈಯಲ್ಲಿ ನಡುಕ ತಂದಿತ್ತು. ದಾರ ಸೂಜಿಯ ಕಣ್ಣಿನ ಆಚೆ ಈಚೆ ತಡಕಾಡುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಕೊಟ್ಟ ಗುಳಿಗೆಯನ್ನು ಬಾಯಿಗೆ ಹಾಕಿದಂತೆ ಮಾಡಿ, ನನ್ನ ಡ್ರಾಯರಿನ ಗುಂಡಿ ಡಬ್ಬಿಗೆ ಹಾಕಿದ. ಮರುದಿನವೂ ಹಾಗೇ. ಬೇಡವೋ ಏಕನಾಥಾ, ಬೇಡವೋ! ಟಕಟಕ ಎಂದು ಎಷ್ಟು ಬಡಿದುಕೊಂಡರೇನು? ತುಳಸಾಬಾಯಿಗೆ ಅದು ಹೊಲಿಗೆಯ ಸದ್ದು, ಅವನಿಗೆ ಅದು ಮತ್ತೆ ಬೈಗಳಾಗತೊಡಗಿತ್ತು. ಎರಡು ವಾರ ನನ್ನ ಹೊಟ್ಟೆಯಲ್ಲಿ ಆ ಗುಟ್ಟು ಇಟ್ಟುಕೊಂಡು ಒದ್ದಾಡಿದೆ.

ಬಿಳಿ ಅಂಗಿಗೆ ಗುಂಡಿ ಹುಡುಕುವಾಗ ತುಳಸಾಬಾಯಿಯ ಕೈಗೆ ತೂತಿಲ್ಲದ ಗುಂಡಿಗಳು ಸಿಕ್ಕವು. ಅಂಗೈ ಮೇಲೆ ಇಟ್ಟುಕೊಂಡು ತಮ್ಮನ ಮುಂದೆ ಹಿಡಿದಳು. ಬೈಯಲಿಲ್ಲ.

"ಯಾಕಪಾ?"

ಏಕನಾಥ ಅಳತೊಡಗಿದ. "ಗುಳಿಗಿ ತಗೊಂಡ್ರ ಸೂಜ್ಯಾಗ ದಾರ ಹೋಗಂಗಿಲ್ಲಕ್ಕಾ. ತಗೊಳ್ಳದಿದ್ರ ಅವರು ಬರ್ತಾರ. ನಾ ಯಾವುದನ್ನ ಬಿಡ್ಲಿ?"

"ಯಾವುದನ್ನೂ ಬಿಡಬ್ಯಾಡ. ಡಾಕ್ಟರ್‌ನ ಕೇಳೋಣು. ಅಲ್ಲೀತನಾ ದಾರ ನಾ ಪೋಣಸ್ತೀನಿ."

ಡಬ್ಬಿಯನ್ನೇ ಎತ್ತಿಕೊಂಡು ಹೋದರು. "ಕೈ ನಡುಗಿದರೆ ನನಗೆ ಹೇಳಬೇಕಪ್ಪ, ಅದಕ್ಕೂ ದಾರಿ ಇದೆ, ಗುಳಿಗೆ ಮಾತ್ರ ನೀವಾಗಿ ಬಿಡಬಾರದು" ಎಂದು ಹೇಳಿ ಡಾಕ್ಟರಮ್ಮ ಗುಳಿಗೆ ಬದಲಿಸಿದರು. ತಿಂಗಳುಗಟ್ಟಲೆ ತುಳಸಾಬಾಯಿ ನನ್ನ ಸೂಜಿಗೆ ದಾರ ಪೋಣಿಸಿಕೊಟ್ಟಳು. ಕ್ರಮೇಣ ಅವನ ಕೈನಡುಕ ನಿಂತಿತು, ಗಿರಾಕಿಗಳೂ ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಅಲ್ಲ, ಕೆಲವರು ಇಂದಿಗೂ ಆಚೆ ಓಣಿಯ ಟೇಲರನ ಹತ್ತಿರವೇ ಹೋಗುತ್ತಾರೆ.

ಈಗ ನನಗೆ ಮೂವತ್ತು ವರ್ಷ. ಮೈಮೇಲಿನ ಬಳ್ಳಿ ಅಳಿಸಿದೆ, ಕೀಲುಗಳು ಕಿರುಗುಡುತ್ತವೆ. ತುಕಾರಾಮಪ್ಪ ಇಲ್ಲ. ಏಕನಾಥನ ಕೂದಲು ನೆರೆತಿದೆ.

ಹೋದ ತಿಂಗಳು ತುಳಸಾಬಾಯಿ ಬಳಗದ ಮದುವೆಗೆಂದು ಹುಬ್ಬಳ್ಳಿಗೆ ಹೋಗಿದ್ದಳು. ಮಧ್ಯಾಹ್ನ ಅಂಗಡಿಯಲ್ಲಿ ಅವನೊಬ್ಬನೇ. ಸೀರೆಗೆ ಫಾಲ್ ಹಚ್ಚುತ್ತಿದ್ದವನ ಕಾಲು ಒಮ್ಮೆಲೇ ತಡವರಿಸಿತು, ಮುಖ ಬಿಳಿಚಿತು. ಗುಳಿಗೆ ತೆಗೆದುಕೊಂಡರೂ ಈ ಕಾಯಿಲೆ ಒಮ್ಮೊಮ್ಮೆ ತಲೆ ಎತ್ತಬಹುದೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಮತ್ತೆ ಹಿತ್ತಲೇ? ಮತ್ತೆ ಆ ಕೂಗೇ?

ಅವನು ಅಂಗೈಯನ್ನು ನನ್ನ ಚಕ್ರದ ಮೇಲೆ ಒತ್ತಿದ. ನಾನು ನಿಂತೆ. ಬಗ್ಗಿ ಕಿವಿ ಕೊಟ್ಟ. ನನ್ನ ಒಂದು ಕೀಲೂ ಅಲುಗಲಿಲ್ಲ. ಅವನ ಹಣೆಯಿಂದ ಬೆವರು ನನ್ನ ಮೇಲೆ ಬಿತ್ತು.

"ನೀ ನಿಂತೀ," ಅಂದ ಮೆಲ್ಲಗೆ. "ಅವರಿನ್ನೂ ಮಾತಾಡಾಕತ್ತಾರ. ಹಂಗಾರ ನೀ ಅಲ್ಲ."

ಆಮೇಲೆ ಫೋನು ತೆಗೆದ. "ಹಸೀನಕ್ಕಾ, ಮತ್ತ ಶುರು ಆಗೇತಿ. ದವಾಖಾನಿಗೆ ಹೋಗೂಣು, ಬರ್ತೀಯೇನು?"

ಸೀರೆಯನ್ನು ಮಡಚಿಟ್ಟು, ಶಟರ್ ಎಳೆದು ಹೋದ. ಜೀವಮಾನವಿಡೀ ಓಡಿ ಓಡಿ ಹೊಲಿದವನು ನಾನು. ನನ್ನ ಏಕನಾಥನಿಗೆ ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿದ್ದು, ಅವನ ಕೈಯ ಕೆಳಗೆ ಸುಮ್ಮನೆ ನಿಂತ ಆ ಒಂದು ನಿಮಿಷದಲ್ಲಿ.