ಒಲ್ಲೆ ಅಂದವಳ ಉಡಿ

ಸೂಪರ್ ಮಾರ್ಕೆಟ್ಟಿನ ಬ್ಯಾಗಿನ ಅಂಗಡಿಯಲ್ಲಿ ಮಂಜೂರ್ ಭಾಯಿ ದೊಡ್ಡ ಸೂಟ್‌ಕೇಸಿನ ಮೇಲೆ ತಾನೇ ಹತ್ತಿ ನಿಂತು ತೋರಿಸಿದ.

"ನೋಡ್ರಿ ಅಕ್ಕಾ, ಟೂಟ್ತಾಚ್ ನೈ. ಮುರಿಯೋ ಮಾತೇ ಇಲ್ಲ. ವಿಮಾನದಾಗಿಂದ ಒಗದ್ರೂ ಏನ್ ಆಗಂಗಿಲ್ಲ."

"ಒಗಿಯೋದು ಯಾಕಪಾ? ಚಲೋ ಮಾತು ಆಡು," ಎಂದಳು ನಾಗರತ್ನಾ.

ಸೂಟ್‌ಕೇಸ್ ಮಗಳು ಅಂಜನಾಳಿಗೆ. ಪಿಯುಸಿ ಮೊದಲ ವರ್ಷ ಮುಗಿಸಿದ ಅಂಜನಾ ಮುಂದಿನ ತಿಂಗಳು ಡೆನ್ಮಾರ್ಕಿಗೆ ಹೊರಡುವವಳಿದ್ದಳು. ಒಂದು ಸಂಸ್ಥೆಯ ಖರ್ಚಿನಲ್ಲಿ, ಅಲ್ಲಿಯವರ ಮನೆಯಲ್ಲೇ ಇದ್ದು, ಅಲ್ಲಿಯ ಶಾಲೆಯಲ್ಲಿ ಒಂದು ವರ್ಷ ಓದುವುದು. ಅವಳಿಗೆ ಹೋಗುವ ಮನಸ್ಸಿರಲಿಲ್ಲ.

ದೊಡ್ಡ ಕಾರಣವೇನೂ ಇಲ್ಲ. ಕ್ಲಾಸಿನಲ್ಲಿ ಎಲ್ಲರೂ ಅರ್ಜಿ ಹಾಕಿದರು, ಅವಳೂ ಹಾಕಿದಳು. ಸಂದರ್ಶನದಲ್ಲಿ ಹೆದರದೆ ಮಾತಾಡಿದಳು, ಆಯ್ಕೆಯಾದಳು. ಆಮೇಲೆ ಅವಳು ಅಲ್ಲಿ ಇರಬೇಕಾದ ಮನೆಯ ಗಂಡಹೆಂಡತಿ ವಿಡಿಯೊ ಕಾಲ್‌ನಲ್ಲಿ ಬಂದರು. ಒಳ್ಳೆಯವರೇ. ಅವರು ನಕ್ಕರು, ಇವಳು ನಕ್ಕಳು. ಅವರು ನಾಯಿ ತೋರಿಸಿದರು, ಮತ್ತೆ ಎಲ್ಲರೂ ನಕ್ಕರು. ಹೇಳಲು ಏನೂ ಉಳಿಯಲಿಲ್ಲ, ಮಾತು ಮುಗಿಸುವುದು ಹೇಗೆಂದೂ ಯಾರಿಗೂ ತಿಳಿಯಲಿಲ್ಲ. ವರ್ಷವಿಡೀ ಹೀಗೇ ನಗುತ್ತ ಕೂರಬೇಕು ಎಂಬುದು ಅಂಜನಾಳಿಗೆ ಆಗ ಹೊಳೆಯಿತು. ಅವತ್ತಿನಿಂದ ಊಟ ಸೇರುತ್ತಿರಲಿಲ್ಲ.

ಇದು ಗೊತ್ತಿದ್ದದ್ದು ಪ್ರೀತಿಗೆ ಮಾತ್ರ. ಪ್ರೀತಿ ಅವಳ ಕ್ಲಾಸಿನವಳು, ಆಯ್ಕೆಯಲ್ಲಿ ಅಂಜನಾಳ ಹಿಂದಿನ ಸ್ಥಾನದವಳು, ಹೋಗಲು ತುದಿಗಾಲಲ್ಲಿ ನಿಂತವಳು. ಅಂಜನಾ ಇವತ್ತು ಒಲ್ಲೆ ಅಂದರೆ ಜಾಗ ಪ್ರೀತಿಗೆ. ನಾಳೆ ಅಂದರೆ ಯಾರಿಗೂ ಇಲ್ಲ. ಸಂಜೆ ಸಂಸ್ಥೆಯ ಜಯದೇವಿ ಮೇಡಂ ಅಪ್ಪನಿಗೆ ಫೋನ್ ಮಾಡಿ ಕೊನೆಯ ಮಾತು ಕೇಳುವವರಿದ್ದರು. ಇನ್ನೂ ಹದಿನೆಂಟು ತುಂಬದ ಹುಡುಗಿಯ ಮಾತೊಂದೇ ಸಾಲದು, ಅಪ್ಪನೂ ಒಪ್ಪಬೇಕು.

ಬೆಳಿಗ್ಗೆಯೇ ಪ್ರೀತಿಯ ಫೋನ್ ಬಂದಿತ್ತು.

"ಹೇಳಿದೇನು?"

"ಇವತ್ತ ಹೇಳ್ತೀನಿ. ಕಮಲಾಪುರದಾಗ ಎಲ್ಲರೂ ಇರ್ತಾರ."

"ಎಲ್ಲರ ಮುಂದ ಯಾಕಬೇ? ನಿಮ್ಮಪ್ಪಗ ಒಬ್ಬರಿಗೇ ಹೇಳು."

"ಒಬ್ಬನೇ ಇದ್ರ ಬೈತಾನ. ಮಂದಿ ಮುಂದ ಬಯ್ಯಂಗಿಲ್ಲ."

ಹಾಗೆಂದು ಅವಳು ಎಣಿಸಿದ್ದಳು.

ಮಧ್ಯಾಹ್ನ ಮೂವರೂ ಅವ್ವನ ತವರೂರು ಕಮಲಾಪುರಕ್ಕೆ ಬಂದರು. ಬಸ್ ನಿಲ್ದಾಣದ ಎದುರು ಸೋದರಮಾವ ಯಶವಂತ ಫ್ಲೆಕ್ಸ್ ಕಟ್ಟಿಸಿದ್ದ. ವಿದೇಶಕ್ಕೆ ಹೊರಟ ಕಮಲಾಪುರದ ಮೊಮ್ಮಗಳಿಗೆ ಶುಭಾಶಯ. ಅಂಜನಾಳ ಫೋಟೊ ಸಣ್ಣದು, ಮಾಮನದು ದೊಡ್ಡದು.

"ಡೆನ್ಮಾರ್ಕಿಗಿ ಹೋಗಾಂವ ನಿಮ್ಮ ತಮ್ಮನೋ, ನಮ್ಮ ಮಗಳೋ?" ಎಂದು ಅಪ್ಪ ಅರುಣಕುಮಾರ ಕೇಳಿದ.

"ಎಲೆಕ್ಷನ್ ಬಂದದ, ನಿಂದ್ರಾಂವ ಅದಾನ. ಸುಮ್ಮ ಇರ್ರಿ," ಎಂದಳು ನಾಗರತ್ನಾ.

ಮನೆಯಲ್ಲಿ ಅಜ್ಜಿ ಲಲಿತಾಬಾಯಿ, ಎಲ್ಲರೂ ಆಯಿ ಅನ್ನುವವಳು, ಉಡಿ ತುಂಬಲು ಅಣಿ ಮಾಡಿಕೊಂಡಿದ್ದಳು. ಗಂಡನ ಮನೆಗೆ ಹೊರಟ ಮಗಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಪ್ಪಸದ ಖಣ ಇಟ್ಟು ಕಳಿಸುವ ಪದ್ಧತಿ ಅದು. ಓಣಿಯ ಹೆಂಗಸರು ಊಟ ಮುಗಿಸಿ ಬಂದು ಪಡಸಾಲೆ ತುಂಬಿದ್ದರು.

"ಲಗ್ನ ಆಗದ ಪೋರಿಗಿ ಉಡಿ ಹ್ಯಾಂಗ ತುಂಬ್ತಿ ಯಕ್ಕಾ?" ಎಂದು ಪಕ್ಕದ ಮನೆಯ ಶಾಂತಾಬಾಯಿ ತಗಾದೆ ತೆಗೆದಳು.

"ಹೊಸ್ತಿಲ ದಾಟಿ ವರ್ಷಗಟ್ಲೆ ಇರಾಕ ಹೊಂಟಾಳ. ಬರೀ ಉಡಿಲೇ ಕಳಿಸ್ಲೇನು? ನನಗ ಶಾಸ್ತ್ರ ಹೇಳಬ್ಯಾಡ ನೀ."

ಅವ್ವನ ಇಳಕಲ್ ಸೀರೆಯನ್ನು ಚೂಡಿದಾರದ ಮೇಲೆಯೇ ಸುತ್ತಿ ಅಂಜನಾಳನ್ನು ಮಣೆಯ ಮೇಲೆ ಕೂರಿಸಿದರು. ಅವಳು ಎರಡೂ ಕೈಯಲ್ಲಿ ಸೆರಗು ಒಡ್ಡಿದಳು. ಮೊದಲ ಹಿಡಿ ಅಕ್ಕಿ ಬಿತ್ತು. ಅಪ್ಪ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ.

"ಆಯಿ, ನಾ ಹೋಗಂಗಿಲ್ಲ."

ಶಾಂತಾಬಾಯಿ ತೊಡೆ ತಟ್ಟಿದಳು. "ಅಂದಳ ನೋಡ್ರಿ! ನಾ ಹೇಳಿದ್ದಿಲ್ಲಾ, ಇಂಗ್ಲೀಷ್ ಕಲ್ತಿದ್ರೇನು, ಉಡಿ ತುಂಬೋವಾಗ ಒಲ್ಲೆ ಅಂದೇ ಅಂತಾಳ ಅಂತ?"

ಪಡಸಾಲೆಗೆ ಪಡಸಾಲೆಯೇ ನಕ್ಕಿತು.

"ನಾ ಕಂಬ ಹಿಡ್ಕೊಂಡು ನಿಂತಿದ್ದೆ," ಎಂದಳು ಒಬ್ಬಳು. "ನಮ್ಮಪ್ಪ ಒಂದೊಂದೇ ಬೆರಳು ಬಿಡಿಸಿ ಜೀಪಿನ್ಯಾಗ ಕೂಡಿಸಿದ."

"ನಮ್ಮ ನಾಗು ಉಣ್ಣೋದೇ ಬಿಟ್ಟಿದ್ಲು," ಎಂದಳು ಆಯಿ. ನಾಗರತ್ನಾ ನಾಚಿದಳು.

"ಹಂಗಲ್ಲ ಆಯಿ. ಖರೇನೇ ಹೋಗಂಗಿಲ್ಲ. ನನಗ ಮನಸ್ಸಿಲ್ಲ."

"ಯಾರಿಗಿತ್ತಬೇ ಮನಸ್ಸು?" ಆಯಿ ಕೊಬ್ಬರಿ ಬಟ್ಟಲು ಇಡುತ್ತ ಅಂದಳು. "ಸೆರಗ ನೆಟ್ಟಗ ಹಿಡಿ, ಅಕ್ಕಿ ಚೆಲ್ತಾವ."

ಅಂಜನಾ ಮತ್ತೊಮ್ಮೆ ಹೇಳಿದಳು, ಈ ಸಲ ಕೂಗಿ. ದನಿ ಒಡೆದು ಅಳು ಬಂತು. ಅತ್ತದ್ದು ತಪ್ಪಾಯಿತು. ಅವಳನ್ನು ನೋಡಿ ಹೆಂಗಸರೂ ಕಣ್ಣೊರೆಸಿಕೊಂಡರು, ಸಂತೋಷದಿಂದಲೇ. ಹೊರಟವಳು ಒಲ್ಲೆ ಅನ್ನಬೇಕು. ಅನ್ನದೆ ಹೋದವಳಿಗೆ ತವರಿನ ಮೇಲೆ ಮಾಯೆಯಿಲ್ಲ ಅಂತ ಅವರ ಮಾತು. ಅಂಜನಾ ಸುಳ್ಳು ಹೇಳುತ್ತಿದ್ದಾಳೆಂದು ಅಲ್ಲಿ ಯಾರೂ ತಿಳಿದಿರಲಿಲ್ಲ. ಅವಳ ಮಾತನ್ನು ಪೂರ್ತಿ ನಂಬಿದ್ದರು. ಹೋಗದೆ ಇರಲು ಅದೊಂದು ಕಾರಣ ಎಂದು ಮಾತ್ರ ಯಾರಿಗೂ ಅನ್ನಿಸಲಿಲ್ಲ.

ಅಪ್ಪನ ಕೈಯಲ್ಲಿದ್ದ ಮೊಬೈಲ್ ಹೊಡೆದುಕೊಂಡಿತು. ಅವನು ಸ್ಪೀಕರ್ ಹಾಕಿ ಒಳಗೆ ಬಂದ.

"ಹ್ಞಾಂ ಜಯದೇವಿ ಮೇಡಂ, ನಮಸ್ಕಾರ್ರೀ. ಉಡಿ ತುಂಬಾಕತ್ತೀವಿ. ಪೋರಿ ಅಳಾಕತ್ತಾಳ."

"ಅಳಾಕತ್ತಾಳ? ಅವಳಿಗೇ ಕೊಡ್ರಿ."

ಅಂಜನಾಳ ಕೈ ಖಾಲಿ ಇರಲಿಲ್ಲ. ಅಪ್ಪ ಮೊಬೈಲನ್ನು ಅವಳ ಬಾಯಿಯ ಮುಂದೆ ಹಿಡಿದ.

"ಅಂಜನಾ, ಹೋಗಾಕ ಇಷ್ಟ ಇಲ್ಲಂದ್ರ ಈಗೇ ಹೇಳಮ್ಮ. ನಾ ಏನೂ ಅನ್ಕೊಳ್ಳಂಗಿಲ್ಲ, ನಿಮ್ಮಪ್ಪಗೂ ನಾನೇ ತಿಳಿಸಿ ಹೇಳ್ತೀನಿ. ಆದ್ರ ಟಿಕೆಟ್ ತೆಗೆದ ಮ್ಯಾಲೆ ಆಗಂಗಿಲ್ಲ ನೋಡು."

ಇಷ್ಟು ನೇರವಾಗಿ ಅವಳನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಅಪ್ಪನ ಕಣ್ಣು ಒದ್ದೆಯಾಗಿತ್ತು. ಆಯಿ ಖಣವನ್ನು ಕೈಯಲ್ಲೇ ಹಿಡಿದು, ಬಾಯಿ ತುಸು ತೆರೆದು ಅವಳನ್ನೇ ನೋಡುತ್ತಿದ್ದಳು. ಎಲ್ಲ ಮುಖಗಳೂ ಕಾದಿದ್ದವು.

"ಹಂಗೇನಿಲ್ಲರೀ ಮೇಡಂ," ಎಂದಳು ಅಂಜನಾ. "ಹೋಗ್ತೀನಿ."

ಯಶವಂತ ಮಾಮ ಹೊರಗಿನಿಂದಲೇ ಚಪ್ಪಾಳೆ ಹೊಡೆದ. ಆಯಿ ಖಣ ಇಟ್ಟು ಇನ್ನೊಂದು ಹಿಡಿ ಅಕ್ಕಿಗೆ ಕೈಹಾಕಿದಳು.

ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿಟ್ಟ ಅಂಜನಾಳ ಫೋನ್ ಗುಯ್‌ಗುಟ್ಟಿತು. ನಾಗರತ್ನಾ ಎತ್ತಿಕೊಂಡು, "ಪ್ರೀತಿದು," ಎಂದು ಮಗಳ ಕಿವಿಗೆ ಹಿಡಿದಳು.

"ಹೇಳಿದೇನು?"

"ಹೇಳಿದೆ. ಎಲ್ಲರೂ ನಕ್ಕರು."

"ಮೇಡಂಗ ಏನಂದಿ?"

"ಹೋಗ್ತೀನಿ ಅಂದೆ."

ಆ ಕಡೆ ಬಸ್ಸಿನ ಹಾರ್ನ್ ಕೇಳಿತು. ಪ್ರೀತಿ ಎಲ್ಲೋ ರಸ್ತೆಯಲ್ಲಿದ್ದಳು.

"ಒಂದು ಮಾತು ಅನ್ನಾಕ ಆಗಲಿಲ್ಲಲ್ಲಬೇ ನಿನಗ," ಎಂದಳು ಪ್ರೀತಿ. "ನಂದೂ ಹಾಳು ಮಾಡಿದಿ." ಫೋನ್ ಇಟ್ಟಳು.

"ಏನಂತಾಳ?" ನಾಗರತ್ನಾ ಕೇಳಿದಳು.

"ಕಂಗ್ರಾಟ್ಸ್ ಅಂದ್ಲು," ಎಂದಳು ಅಂಜನಾ.